ಸೀಟಿ ಊದುವಷ್ಟು ಉಸಿರು

ಬೆಳಗಿನ ಐದು ಗಂಟೆ. ಬಸ್ ಡಿಪೋದ ದೀಪಗಳು ಇನ್ನೂ ಆರಿಲ್ಲ. ಸಾಲಿನ ಒಂಬತ್ತನೇ ಬಸ್ಸಿನ ಹಿಂಬಾಗಿಲಿನಿಂದ ಮೊದಲು ಒಂದು ಪೊರಕೆ ಇಳಿಯುತ್ತದೆ, ಆಮೇಲೆ ಕಸ ತುಂಬಿದ ಬಕೆಟ್ಟು, ಕೊನೆಗೆ ಐವತ್ತೆರಡು ವಯಸ್ಸಿನ ಗಟ್ಟಿಗಿತ್ತಿಯೊಬ್ಬರು. ಮೂಗು ಬಾಯಿಗೆ ಕಟ್ಟಿದ ಬಟ್ಟೆಯನ್ನು ಕೆಳಗೆಳೆದು, ಕೊರಳಲ್ಲಿ ನೇತಾಡುವ ಸೀಟಿಯನ್ನು ತುಟಿಗಿಟ್ಟು ಉದ್ದಕ್ಕೆ ಒಮ್ಮೆ ಊದುತ್ತಾರೆ. ಟೀ ಕುಡಿಯುತ್ತಿದ್ದ ಡ್ರೈವರು ಲೋಟ ಕೆಳಗಿಟ್ಟು ಹೋಗಿ ಬಸ್ ಚಾಲೂ ಮಾಡುತ್ತಾರೆ. ಸೀಟುಗಳ ನಡುವೆ ಬಗ್ಗಿ ಗುಡಿಸುವವರು ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ, ಸೀಟಿ ಕೇಳುವವರೆಗೆ ಯಾರೂ ಕೀಲಿ ಮುಟ್ಟುವಂತಿಲ್ಲ. ಇದು ಈ ಡಿಪೋದ ಕಟ್ಟುನಿಟ್ಟಿನ ನಿಯಮ.

ಡ್ರೈವರುಗಳಿಗೆಲ್ಲ ಇವರು ‘ಸೀಟಿ ಅಕ್ಕ’. ಎರಡು ವರ್ಷದ ಹಿಂದೆ ಇದೇ ಬಾಯಿಗಳು ಇವರನ್ನು ‘ಟಕಟಕ ಅಕ್ಕ’ ಎನ್ನುತ್ತಿದ್ದವು. ಸಂಬಳ ಹೆಚ್ಚದಿದ್ದರೂ ಇದನ್ನು ಅವರು ಬಡ್ತಿ ಎಂದೇ ಲೆಕ್ಕ ಹಿಡಿದಿದ್ದಾರೆ.

ಒಟ್ಟು ಮೂವತ್ತನಾಲ್ಕು ಬಸ್ಸು. ಅರ್ಧ ಇವರ ಪಾಲು, ಇನ್ನರ್ಧ ಇವರ ನಾದಿನಿಯದು. ಗಂಡನ ತಂಗಿಯನ್ನು ಈ ಕೆಲಸಕ್ಕೆ ಸೇರಿಸಿದ್ದೂ ಇವರೇ, ಆ ತಪ್ಪಿಗೆ ದಿನಾ ಅವಳ ಬಾಯಿ ಕೇಳುವವರೂ ಇವರೇ. ಎರಡೂವರೆ ಗಂಟೆಯೊಳಗೆ ಹದಿನೇಳು ಬಸ್ಸಿನ ನೆಲ, ಮೆಟ್ಟಿಲು, ಸೀಟಿನ ಸಂದಿ ಎಲ್ಲ ಮುಗಿಯಬೇಕು. ಹರಿದ ಟಿಕೆಟ್ಟು, ಶೇಂಗಾ ಸಿಪ್ಪೆ, ಒಂಟಿ ಚಪ್ಪಲಿ ದಿನವೂ ಸಿಗುತ್ತವೆ. ಒಂದೇ ಕಾಲಿನ ಚಪ್ಪಲಿ ಬಿಟ್ಟು ಜನ ಹೇಗೆ ಮನೆ ಸೇರುತ್ತಾರೆ ಎನ್ನುವುದು ಹತ್ತೊಂಬತ್ತು ವರ್ಷ ಗುಡಿಸಿದರೂ ಅವರಿಗೆ ಬಗೆಹರಿದಿಲ್ಲ.

ಇವೆಲ್ಲದರ ಜತೆಗೆ ಸಿಗುವುದು ಧೂಳು. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗುವ ಹೊತ್ತಿಗೆ ಎದೆ ಸುಂಯ್ಗುಡಲು ಶುರುವಾಯಿತು. ಆಸ್ತಮಾ ಎಂದರು ಡಾಕ್ಟರು. ಬರಬರುತ್ತಾ ಸೀಟಿ ಊದಲೂ ದಮ್ಮಿಲ್ಲದೆ, ಪೊರಕೆಯ ಹಿಡಿಯಿಂದ ಬಸ್ಸಿನ ತಗಡಿಗೆ ಟಕಟಕ ಬಡಿಯತೊಡಗಿದರು. “ಊದಿದ್ದು ನನ್ನ ಕಿವಿಗೇ ಕೇಳ್ತಿರ್ಲಿಲ್ಲ. ಇನ್ನು ಡ್ರೈವರಿಗೆ ಎಲ್ಲಿಂದ ಕೇಳ್ಬೇಕು?” ಎನ್ನುತ್ತಾರೆ.

ಡಾಕ್ಟರು ಬಾಯಿಗಿಟ್ಟು ಮದ್ದು ಎಳೆದುಕೊಳ್ಳುವ ಎರಡು ಪಂಪು ಕೊಟ್ಟಿದ್ದರು. ನೀಲಿಯದು ಉಸಿರು ಕಟ್ಟಿದಾಗ ತಕ್ಷಣಕ್ಕೆ. ಕಂದು ಬಣ್ಣದ್ದು ಉಬ್ಬಸ ಬರದಂತೆ ತಡೆಯಲು ದಿನಾ ಬೆಳಿಗ್ಗೆ, ಸಂಜೆ. ಇಲ್ಲೇ ಅಕ್ಕ ಎಡವಿದ್ದು. ಡಿಪೋದ ಗುಡಿಸುವವರಲ್ಲಿ ಒಂದು ರೂಢಿಯಿದೆ. ತಿಂಗಳಿಗೊಮ್ಮೆ ಸ್ಟೋರಿನಿಂದ ಬರುವ ಹೊಸ ಪೊರಕೆಯನ್ನು ಯಾರೂ ಮುಟ್ಟುವುದಿಲ್ಲ. ಅದು ನೀರಿನ ಡ್ರಮ್ಮಿನ ಹಿಂದೆ ಅಡಗಿ ಕೂತು, ದೊಡ್ಡ ಸಾಹೇಬರು ತಪಾಸಣೆಗೆ ಬರುವ ದಿನ ಮಾತ್ರ ಹೊರಬರುತ್ತದೆ. ಉಳಿದ ದಿನಗಳಿಗೆಲ್ಲ ಸವೆದ ಮೋಟು ಪೊರಕೆಯೇ ಗತಿ. ಕಂದು ಪಂಪಿಗೂ ಅದೇ ಮರ್ಯಾದೆ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಡುಗೆಮನೆಯ ಮೇಲಿನ ಹಲಗೆಗೇರಿಸಿ, ತೀರಾ ಆಗದ ದಿನ ಮಾತ್ರ ಇಳಿಸುತ್ತಿದ್ದರು. ದಿನಾ ಎಳೆದರೆ ಅಭ್ಯಾಸವಾಗಿಬಿಡುತ್ತದೆಂದು ಅಕ್ಕಪಕ್ಕದವರು ಬೇರೆ ಹೆದರಿಸಿದ್ದರು.

ಒಂದು ಬೆಳಿಗ್ಗೆ, ಹದಿನಾಲ್ಕನೇ ಬಸ್ಸು. ಯಾರದೋ ಚೀಲದಿಂದ ಖಾರದ ಪುಡಿ ಹಿಂದಿನ ಸೀಟಿನಡಿ ಚೆಲ್ಲಿತ್ತು. ಎರಡು ಸಲ ಪೊರಕೆ ಆಡಿಸಿದ್ದಷ್ಟೇ, ಎದೆ ಬಿಗಿದುಕೊಂಡಿತು. ನೀಲಿ ಪಂಪು ದೂರದ ಕೋಣೆಯಲ್ಲಿ, ಚೀಲದೊಳಗಿದೆ. ಪೊರಕೆ ಕೈಜಾರಿ ಸೀಟಿನಡಿ ಹೋಗಿದೆ. ಕೊರಳಲ್ಲಿ ಸೀಟಿಯಿದೆ, ಊದಲು ಉಸಿರಿಲ್ಲ. ಟಕಟಕ ಕೇಳಿಸದೆ ಹೋದದ್ದನ್ನು ಗಮನಿಸಿ ಓಡಿಬಂದು, ನೀಲಿ ಪಂಪು ತಂದು ಬಾಯಿಗಿಟ್ಟು, ಆಸ್ಪತ್ರೆಗೆ ಸಾಗಿಸಿದವಳು ನಾದಿನಿ. “ಅತ್ತಿಗೆ ತುಟಿ ನೀಲಿಗಟ್ಟಿತ್ತು. ಅವತ್ತು ಮೊದಲ್ನೇ ಸಲ ನಾನು ಬಾಯಿ ಮುಚ್ಕೊಂಡು ಕೆಲ್ಸ ಮಾಡಿದ್ದು” ಎನ್ನುವಾಗ ಆ ಮಾತಿನ ಮಲ್ಲಿಯ ದನಿಯೂ ತಗ್ಗುತ್ತದೆ.

ಆಸ್ಪತ್ರೆಯಿಂದ ನಾಲ್ಕು ದಿನಕ್ಕೆ ಮನೆಗೆ ಬಂದರು. ಡಿಪೋದ ಮೇಲ್ವಿಚಾರಕರು ಕೆಟ್ಟವರೇನಲ್ಲ, ಆದರೆ ಅವರೂ ಬೆದರಿದ್ದರು. ಮೂರು ತಿಂಗಳಲ್ಲಿ ಡಾಕ್ಟರಿಂದ ಸರಿಯಿದೆ ಎಂದು ಬರೆಸಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಹದಿನೇಳು ವರ್ಷದ ಕೆಲಸ ಒಂದು ಚೀಟಿಯ ಮೇಲೆ ನಿಂತಿತು.

ಕ್ಲಿನಿಕ್ಕಿನ ನರ್ಸು ಕಂದು ಪಂಪನ್ನು ಅಲುಗಿಸಿ ನೋಡಿ, ಎರಡು ತಿಂಗಳೊಳಗೆ ಮುಗಿಯಬೇಕಾದದ್ದು ಹನ್ನೊಂದು ತಿಂಗಳು ಹೇಗೆ ಬಂತೆಂದು ಕೇಳಿದರು. ಜೋಪಾನವಾಗಿ ಬಳಸಿದೆ ಎಂದರು ಅಕ್ಕ, ಹೊಗಳುತ್ತಾರೇನೋ ಎಂದುಕೊಂಡು. ಹೊಗಳಿಕೆ ಬರಲಿಲ್ಲ, ಪ್ರಶ್ನೆ ಬಂತು.

“ಬಸ್ಸನ್ನ ಸಾಹೇಬ್ರು ಬರೋ ದಿನ ಮಾತ್ರ ಗುಡಿಸ್ತೀರಾ?”

“ದಿನಾ ಗುಡಿಸ್ತೀನಿ. ಇಲ್ದಿದ್ರೆ ಒಳಗೆ ಕಾಲಿಡೋಕಾಗುತ್ತಾ?”

“ಉಸಿರಿನ ದಾರೀನೂ ಹಂಗೇ. ಅದರೊಳಗಿನ ಬಾವು ದಿನಾ ಇಷ್ಟಿಷ್ಟೇ ಇಳಿಸೋದು ಈ ಪಂಪು. ಚೆನ್ನಾಗಿದ್ದೀನಿ ಅನ್ನಿಸಿದ ದಿನಾನೂ ಎಳೀಬೇಕು.”

ಅಭ್ಯಾಸವಾಗುವ ಭಯ ಬೇಡ, ಇದು ಚಟ ಹಿಡಿಸುವ ಮದ್ದಲ್ಲ ಎಂದೂ ಹೇಳಿದರು. ಪಂಪಿನ ಬಾಯಿಗೆ ಪ್ಲಾಸ್ಟಿಕ್ಕಿನ ಉದ್ದ ಡಬ್ಬಿ ಸೇರಿಸಿ ನಿಧಾನವಾಗಿ ಎಳೆಯುವುದನ್ನು, ಆಮೇಲೆ ಬಾಯಿ ಮುಕ್ಕಳಿಸಿ ಉಗುಳುವುದನ್ನು ಮೂರು ಸಲ ಮಾಡಿಸಿದರು. ನೀಲಿಯದರ ಅಗತ್ಯ ಪದೇಪದೇ ಬಿದ್ದರೆ ಸುಮ್ಮನೆ ಕೂರದೆ ಬಂದು ತೋರಿಸಬೇಕೆಂದು ತಾಕೀತು ಮಾಡಿದರು.

ಕಂದು ಪಂಪು ಮೇಲಿನ ಹಲಗೆಯಿಂದ ಇಳಿದು ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಬಂತು. ಮೊದಲೆರಡು ವಾರ ಏನೂ ಗೊತ್ತಾಗಲಿಲ್ಲ, ಕೈಬಿಡೋಣವೆಂದೂ ಅನ್ನಿಸಿತು. ಬಿಡಲು ನಾದಿನಿ ಬಿಡಬೇಕಲ್ಲ. ಅವಳು ದಿನಾ ಮೂರು ಗಂಟೆಗೆ ಬಾಗಿಲಲ್ಲಿ ನಿಂತು, ಎಳೆದಾಯಿತಾ ಎಂದು ಕೇಳಿಯೇ ಮುಂದೆ ಹೆಜ್ಜೆಯಿಡುತ್ತಿದ್ದಳು. ನೆಲಕ್ಕೆ ನೀರು ಚಿಮುಕಿಸಿ ಗುಡಿಸುವುದೂ ಆಗಲೇ ಶುರುವಾಯಿತು. ನಾಲ್ಕನೇ ವಾರ ಒಂದು ರಾತ್ರಿಯೂ ಕೆಮ್ಮಿಗೆ ಎದ್ದು ಕೂರಲಿಲ್ಲ. ಎರಡನೇ ತಿಂಗಳ ಒಂದು ಬೆಳಿಗ್ಗೆ ತಮಾಷೆಗೆಂದು ಸೀಟಿ ತುಟಿಗಿಟ್ಟರು. ಡಿಪೋದ ಆಚೆ ಗೋಡೆಯವರೆಗೂ ಕೇಳಿಸಿತು. “ಊದ್ದೋಳು ನಾನೇನಾ ಅಂತ ತಿರುಗಿ ನೋಡ್ದೆ. ಆಮೇಲೆ ಮೆಟ್ಲ ಮೇಲೆ ಕೂತು ಚೆನ್ನಾಗಿ ಅತ್ತೆ” ಎಂದು ಈಗ ನಗುತ್ತಾರೆ. ಚೀಟಿ ಸಿಕ್ಕಿತು, ಕೆಲಸ ಉಳಿಯಿತು.

ಈಗ ನೀಲಿ ಪಂಪು ಸದಾ ಜೇಬಿನಲ್ಲಿದೆ. ಕಳೆದ ನಾಲ್ಕು ತಿಂಗಳಲ್ಲಿ ಹೊರಬಂದದ್ದು ಒಂದೇ ಸಲ. ಕಂದಿನ ಪ್ರಮಾಣವನ್ನು ಡಾಕ್ಟರು ಪರೀಕ್ಷಿಸಿ ಸ್ವಲ್ಪ ತಗ್ಗಿಸಿದ್ದಾರೆ. ತಾವಾಗಿ ತಗ್ಗಿಸುವ ಜಾಣತನಕ್ಕೆ ಅಕ್ಕ ಕೈ ಮುಗಿದಿದ್ದಾರೆ. ಡ್ರಮ್ಮಿನ ಹಿಂದೆ ಈಗ ಪೊರಕೆಯೂ ಅಡಗಿ ಕೂರುವುದಿಲ್ಲ. ಸ್ಟೋರಿನಿಂದ ಬಂದ ದಿನವೇ ಕಟ್ಟು ಬಿಚ್ಚುತ್ತಾರೆ.

ಮುಂದಿನ ವರ್ಷ ಪ್ರತಿ ಸಾಲಿಗೂ ಕರೆಂಟಿನ ಗಂಟೆ ಹಾಕಿಸುತ್ತಾರಂತೆ. ಗುಂಡಿ ಒತ್ತಿದರೆ ಸಾಕು, ಊದುವ ಕಷ್ಟವಿಲ್ಲ. ನಾದಿನಿಗೆ ಖುಷಿಯೋ ಖುಷಿ. ಅಕ್ಕ ಮಾತ್ರ ಮೇಲ್ವಿಚಾರಕರ ಬಳಿ ಹೋಗಿ ಒಂದು ಕೋರಿಕೆ ಇಟ್ಟು ಬಂದಿದ್ದಾರೆ.

“ಹಾಕಿಸ್ಲಿ, ಬೇಡ ಅನ್ನಲ್ಲ. ನನ್ನ ಸಾಲಿಗೆ ಮಾತ್ರ ನಾನು ರಿಟೈರಾದ್ಮೇಲೆ ಹಾಕ್ಸಿ ಸಾರ್ ಅಂದಿದ್ದೀನಿ. ಇನ್ನೆಂಟು ವರ್ಷ ತಾನೆ. ಅಷ್ಟಕ್ಕೆ ಸಾಕಾಗೋ ಉಸಿರಿದೆ ನನ್ನ ಹತ್ರ.”