ಅಂಚಿಲ್ಲದ ಮ್ಯಾಂಗನೈಟ್

ಮ್ಯಾಂಗನೈಟ್ ಪೊರೆ ಅಂದರೆ ಉಗುರಗಲದ ಹರಳಿನ ಮೇಲೆ ಬಳಿದ ತೀರಾ ತೆಳ್ಳನೆಯ ಕಪ್ಪು ಲೇಪ. ಅಯಸ್ಕಾಂತ ಹಿಡಿದರೆ ಅದರಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಹಾಯುವ ಬೆಳಕಿನ ಕಂಪನದ ದಿಕ್ಕೂ ಕೊಂಚ ತಿರುಗುತ್ತದೆ. ತಿಂಗಳುಗಟ್ಟಲೆ ಹೆಣಗಿ ಮಾಡಿದ ಒಂದೇ ಒಂದನ್ನು ಅಳತೆಗೆಂದು ಚಳ್ಳಕೆರೆ ಕಡೆಯ ಲ್ಯಾಬಿಗೆ ಒಯ್ಯುತ್ತಿದ್ದೆ. ಬಸ್ಸಿನಲ್ಲಿ ಪಕ್ಕದಲ್ಲಿದ್ದವರು ಮೊಳಕಾಲ್ಮುರಿನ ನೇಕಾರ ಅಜ್ಜ.

“ಡಬ್ಬೀಲಿ ಏನೈತಪ್ಪಾ?”

“ಜಗತ್ತಿನಲ್ಲೇ ತೆಳ್ಳನೆ ಸೀರೆ, ಅಜ್ಜಾ,” ಎಂದು ಗಂಭೀರವಾಗಿ ಮುಚ್ಚಳ ತೆಗೆದೆ.

ಅಜ್ಜ ಅದನ್ನೆತ್ತಿ ಬಿಸಿಲಿಗೆ ಓರೆಯಾಗಿ ಹಿಡಿದರು. ಹೆಬ್ಬೆರಳಿಗೆ ಎಂಜಲು ಹಚ್ಚಿ, ಬಣ್ಣ ಬಿಡುತ್ತದಾ ಅಂತ ಗಸಗಸ ಉಜ್ಜಿಯೇಬಿಟ್ಟರು! ನನ್ನ ಜೀವ ಬಾಯಿಗೆ ಬಂತು.

“ಬಣ್ಣ ಗಟ್ಟಿ ಐತೆ. ಆದ್ರೆ ಅಂಚೇ ಇಲ್ವಲ್ಲೋ, ಇದನ್ನ ಯಾರ್ಲೇ ಉಟ್ಕೋತಾರೆ?”

ಲ್ಯಾಬಿನಲ್ಲಿ ಅಯಸ್ಕಾಂತದ ನಡುವೆ ಇಟ್ಟು ಅಳೆದರೆ, ಇಷ್ಟು ಚೊಕ್ಕ ಪೊರೆ ಅಲ್ಲಿನವರು ನೋಡೇ ಇರಲಿಲ್ಲವಂತೆ. ಯಾವುದರಲ್ಲಿ ತೊಳೆದಿರಿ ಎಂದು ಕೇಳಿದರು. ಮೊಳಕಾಲ್ಮುರಿನಲ್ಲಿ ಮಾತ್ರ ಸಿಗುವ ದ್ರಾವಣ ಅಂದೆ. ಈಗ ಒಂದು ಲೀಟರ್ ತರಿಸಿಕೊಡಿ ಅಂತ ದುಂಬಾಲು ಬಿದ್ದಿದ್ದಾರೆ.