ಹಾರ್ನ್ ಇಲ್ಲದ ಗಾಡಿ

ಗಾಡಿ ಓಡಿಸುವಾಗ ದೊಡ್ಡಪ್ಪನ ಕೊರಳಿನ ನರಗಳು ಹಗ್ಗದಂತೆ ಉಬ್ಬುತ್ತಿದ್ದವು. ಹಿಂದೆ ಕೂತ ನನಗೆ ಮೊದಲು ಕಾಣುತ್ತಿದ್ದದ್ದೇ ಅದು. ಅವನ ಬೈಕಿನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ! ತುದಿಗಳಿಗೆ ಬಿಳಿ ಪುಡಿ ಕಟ್ಟಿಕೊಂಡು ತನ್ನ ಗೂಡಿನಲ್ಲಿ ಸುಮ್ಮನೆ ಕೂತಿತ್ತು. ಹಳೆಯ ಗಾಡಿ, ಕಿಕ್ ಹೊಡೆದರೆ ಎಂಜಿನ್ ಎದ್ದೇಳುತ್ತಿತ್ತು. ಹಾರ್ನ್, ಇಂಡಿಕೇಟರ್ ಮಾತ್ರ ಇಲ್ಲ. ತಿರುಗುವಾಗ ಕೈ ಚಾಚುತ್ತಿದ್ದ. ಹಾರ್ನಿನ ಬದಲು ಬಾಯಿ.

ಗಾದಿಗನೂರಿನಿಂದ ಹೊಸಪೇಟೆಗೆ ಹೋಗುವ ರಸ್ತೆ ಅದಿರು ಲಾರಿಗಳದ್ದು. ಮುಂದಿನ ಲಾರಿ ದಾರಿ ಬಿಡದಿದ್ದರೆ ದೊಡ್ಡಪ್ಪ ಅದರ ಪಕ್ಕಕ್ಕೆ ಬಂದು ಕೂಗುತ್ತಿದ್ದ: "ಮಾಲಕ್ರೇ! ಸ್ವಲ್ಪ ದಾರಿ ಕೊಡ್ರಿ!" ಆ ಡ್ರೈವರನಿಗೆ ಲಾರಿಯ ಒಂದು ನಟ್ಟೂ ಸ್ವಂತದ್ದಲ್ಲ. ಆದರೂ ಕಿಟಕಿಯಿಂದ ತಲೆ ಹೊರಹಾಕಿ, ನಕ್ಕು, ಎಡಕ್ಕೆ ಸರಿಯುತ್ತಿದ್ದ.

ಸಂಡೂರಾಗಲಿ ಕಂಪ್ಲಿಯಾಗಲಿ, ನನ್ನನ್ನು ಚರ್ಚಾಸ್ಪರ್ಧೆಗೆ ಕರೆದೊಯ್ಯುತ್ತಿದ್ದವನು ದೊಡ್ಡಪ್ಪನೇ. ದಾರಿಯುದ್ದಕ್ಕೂ ನಮ್ಮದೇ ಸ್ಪರ್ಧೆ.

"ಬ್ಯಾಟರಿ ಹಾಕ್ಸು ದೊಡ್ಡಪ್ಪ. ಹಾರ್ನ್ ಮತ್ಯಾಕ ಐತಿ?"

"ಹಾರ್ನ್ ಅಂದ್ರ ಬೈಗುಳ ಇದ್ದಂಗ, ವಕೀಲಮ್ಮಾ. ಕರದ್ರ ಮನಷ್ಯಾ ತಿರುಗಿ ನೋಡ್ತಾನ."

"ಅವ್ನಿಗೆ ಕೇಳ್ಸದಿದ್ರ?"

"ನಿನ್ನಂಥಾರಿಗೆ ಹಾರ್ನ್ ಹೊಡದ್ರೂ ಕೇಳ್ಸಂಗಿಲ್ಲ ಬಿಡು."

ಇದು ವಾದವಲ್ಲ, ಎದುರಾಳಿಯ ಹೀಯಾಳಿಕೆ ಎಂದು ನಾನು ತಕರಾರು ತೆಗೆದರೆ, ಎದುರುಗಾಳಿಗೆ ಬಾಯಿ ತೆರೆದು ಹೋ ಎಂದು ನಗುತ್ತಿದ್ದ. ನಾನು ಗೆದ್ದು ಬಂದರೂ ಬೆನ್ನು ತಟ್ಟಿದವನಲ್ಲ. "ಎದುರಿಗಿದ್ದ ಹುಡುಗ ಖರೇ ಹೇಳಿದ. ನೀ ಚಂದ ಹೇಳಿದಿ, ಅಷ್ಟ" ಎಂದುಬಿಡುತ್ತಿದ್ದ. ತೀರ್ಪುಗಾರರು ಯಾರೂ ನನ್ನನ್ನು ಅಷ್ಟು ಸರಿಯಾಗಿ ಹಿಡಿದಿರಲಿಲ್ಲ.

ಆಮೇಲೆ ದೊಡ್ಡಪ್ಪನ ಗಂಟಲಿನಲ್ಲಿ ಗಡ್ಡೆ ಎದ್ದಿತು. ಪ್ರಾಣ ಉಳಿಸಲು ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕೊರಳಿನಲ್ಲೊಂದು ತೂತು ಬಿಟ್ಟರು. ಬೀಡಿ ಮಾಡಿದ ಕೆಲಸ ಎಂದು ಡಾಕ್ಟರು ಹೇಳಿದ್ದರು. ಬಂಧುಗಳಿಗೆ ಅದು ಸಾಲಲಿಲ್ಲ. ಸೋದರತ್ತೆ ಅವನೆದುರೇ ಹೇಳಿದಳು: "ರಸ್ತ್ಯಾಗ ಒದರಿ ಒದರಿ ಗಂಟಲು ಹೋತು. ಒಂದು ಬ್ಯಾಟರಿ ಹಾಕ್ಸಿದ್ರ ಉಳೀತಿತ್ತು."

"ಒದರಿದ್ರ ಗಡ್ಡಿ ಏಳೋದಾದ್ರ ಸಂತ್ಯಾಗ ಕಾಯಿಪಲ್ಯೆ ಮಾರೋರು ಒಬ್ರೂ ಉಳೀತಿರ್ಲಿಲ್ಲ, ಅತ್ತಿ" ಎಂದೆ.

ಮುಂದಿನ ಮಾತು ನನ್ನ ಬಾಯಲ್ಲೇ ಇತ್ತು. ದೊಡ್ಡಪ್ಪ ಕೈ ಎತ್ತಿ ಸಾಕೆಂದ.

ಮರುದಿನ ಅವನೇ ಬ್ಯಾಟರಿಯ ಆ ಹೆಣವನ್ನು ಗೂಡಿನಿಂದ ಕಿತ್ತು ನನ್ನ ಕೈಗಿಟ್ಟ. ಹೊಸಪೇಟೆಗೆ ಹೊರಟೆವು. ದಾರಿಯಲ್ಲಿ ಸಿಕ್ಕ ಲಾರಿಯನ್ನು ಅವನು ದಾಟಲಿಲ್ಲ, ಕೆಂಪು ಧೂಳು ನುಂಗುತ್ತ ಊರು ಬರುವವರೆಗೂ ಅದರ ಹಿಂದೆಯೇ ಹೋದ.

ಅಂಗಡಿಯವನು ಬ್ಯಾಟರಿ ತಿರುಗಿಸಿ ನೋಡಿದ. "ಇದು ಚಾರ್ಜಿಗಿಟ್ರೂ ಏಳಂಗಿಲ್ರಿ. ಹೊಸದು ಹಾಕ್ಲೇನ್ರಿ?" ದೊಡ್ಡಪ್ಪ ತಲೆಯಾಡಿಸಿದ. ಕೊರಳಿನ ತೂತು ಕಂಡದ್ದೇ ತಡ, ಅಂಗಡಿಯವನು ಅವನ ಕಿವಿಗೇ ಬಾಯಿಟ್ಟು ಅರಚಿದ: "ಅಜ್ಜಾರಾ! ಹೊಸದು ಹಾಕ್ಲೇನ್ರೀ?"

"ಅವ್ರಿಗೆ ಕಿವಿ ಕೇಳ್ತಾವ್ರಿ. ದನಿ ಇಲ್ಲ, ಅಷ್ಟ" ಎಂದೆ. ಅವನು ಮತ್ತೂ ಅರಚಿದ.

ಹೊಸ ಬ್ಯಾಟರಿ ಕೂತಿತು. ದೊಡ್ಡಪ್ಪ ಹಾರ್ನ್ ಒತ್ತಿದ. ಪೀಂ ಎಂದಿತು. ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದ: ನೀನೇ ಗೆದ್ದೆ. ಅಷ್ಟು ಹೊಲಸು ಗೆಲುವು ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿಲ್ಲ.

ಗಡ್ಡೆ ತಿರುಗಿ ಬಂತು, ಅವನನ್ನು ಒಯ್ದಿತು. ಮಣ್ಣಿಗೆ ಬಂದವರಲ್ಲಿ ಒಬ್ಬರು, "ಭಾಳ ಶಾಂತ ಮನಷ್ಯಾರು. ಒಂದು ಮಾತಾಡ್ದಂಗ ಹೋದ್ರು" ಎಂದರು. ಉಳಿದವರು ಹೂಂ ಎಂದರು. ಹೆದ್ದಾರಿಯನ್ನೇ ಕೂಗಿ ಮಾತಾಡಿಸುತ್ತಿದ್ದವನನ್ನು ಶಾಂತ ಎಂದು ಹೆಸರಿಟ್ಟು ಹೂತುಬಂದರು.

ಗಾಡಿ ಈಗ ನನ್ನದು. ಮೊನ್ನೆ ಲಾರಿಯೊಂದರ ಹಿಂದೆ ಸಿಕ್ಕಿಬಿದ್ದು ಹಾರ್ನ್ ಒತ್ತಿದೆ, ಒತ್ತಿಯೇ ಒತ್ತಿದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ ಇನ್ನಷ್ಟು ನಡುವಿಗೆ ಬಂದ. ಕಡೆಗೆ ಪಕ್ಕಕ್ಕೆ ತಂದು ಗಂಟಲು ಹರಿಯುವಂತೆ ಕೂಗಿದೆ: "ಮಾಲಕ್ರೇ! ಸ್ವಲ್ಪ ದಾರಿ ಕೊಡ್ರಿ!"

ಕಿಟಕಿಯಿಂದ ತಲೆ ಹೊರಗೆ ಬಂತು. ಲಾರಿ ಎಡಕ್ಕೆ ಸರಿಯಿತು.

ಒಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ, ನನಗೂ ಗೊತ್ತು. ಆದರೆ ಸೋತೆನೆಂದು ಕೈ ಜೋಡಿಸೋಣವೆಂದರೆ ಎದುರಿಗೆ ಅವನಿಲ್ಲ.