ಮೋರಿಯೊಳಗೆ ತೀರಿದ ಹರಕೆ

ತೂಬಗೆರೆಯ ಆವಲಪ್ಪನವರು ಮಿಲಿಟರಿಯಲ್ಲಿ ಲಾರಿ ಓಡಿಸಿದವರು. ಕಾಶ್ಮೀರದ ದಾರಿಯ ಬಾನಿಹಾಲದಲ್ಲಿ, ಮೋಡ ಕೈಗೆಟಕುವಷ್ಟು ಎತ್ತರದ ಬೆಟ್ಟವನ್ನು ಕೊರೆದು ಮಾಡಿದ ಜವಾಹರ್ ಸುರಂಗದೊಳಗೆ ಎಷ್ಟೋ ಸಲ ಹೋಗಿಬಂದವರು. ನಿವೃತ್ತರಾಗಿ ಊರು ಸೇರಿದ ಮೇಲೂ ಸುರಂಗ ಅವರನ್ನು ಬಿಟ್ಟಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೂ ಮಾತು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

ಸೊಸೆ ಅನುಸೂಯ ಬೆಂಗಳೂರಿನಲ್ಲಿ ಓದಿದವಳು. ಮಗು ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಮೂಗು ಕಟ್ಟಿದೆ ಎಂದು ಹೆದರುವವಳು. ಮಗುವಿಗೆ ವರ್ಷ ತುಂಬುವುದರೊಳಗೆ ಮುಡಿ ತೆಗೆಸಬೇಕು, ಮನೆದೇವರ ಗುಡಿಗೆ ಹೋಗಿಬರೋಣ ಎಂದು ಅವಳು ಹೇಳಿದಾಗ ಮಾವ ಗಂಟಲು ಸರಿಮಾಡಿಕೊಂಡರು.

"ಮೊದಲ್ನೇ ಸಲ ಸುರಂಗದೊಳಕ್ಕೆ ಹೋದಾಗ ನಡುಮಧ್ಯೆ ಗಾಡಿ ನಿಂತೋಯ್ತು. ಕತ್ಲು, ಹೊಗೆ. ಯಾವ ದೇವ್ರ ಹೆಸ್ರೂ ಬಾಯಿಗೆ ಬರ್ಲಿಲ್ಲ. ನೆಹರೂ ಸ್ವಾಮಿ, ನಿಮ್ಮ ಹೆಸ್ರಿನ ಸುರಂಗ, ನೀವೇ ಪಾರು ಮಾಡಿ, ಮೊದಲ್ನೇ ಮೊಮ್ಮಗನ ಮುಡಿ ಇಲ್ಲೇ ಕೊಡ್ತೀನಿ ಅಂದ್ಬಿಟ್ಟೆ. ತಕ್ಷಣ ಗಾಡಿ ಸ್ಟಾರ್ಟ್ ಆಯ್ತು."

"ಆಗಿನ್ನೂ ಅವ್ರು ಬದುಕಿದ್ರಲ್ರೀ," ಎಂದರು ಅತ್ತೆ ಸಪ್ಪಲಮ್ಮ. "ಬದುಕಿರೋರಿಗೆ ಯಾರಾದ್ರೂ ಹರಕೆ ಹೊರ್ತಾರಾ?"

"ಬೇಗ ಕೇಳಿಸ್ಕೊಂತಾರೆ ಅಂತ ಕಣೇ."

"ಅವರಿಗೆ ಮಗೂ ಕೂದಲು ಯಾಕೆ ಮಾವ?" ಅನುಸೂಯ ಮಗುವಿನ ತಲೆಯ ಮೇಲೆ ಸೆರಗು ಹೊದಿಸಿದಳು.

"ಅವ್ರು ಕೇಳ್ಲಿಲ್ಲಮ್ಮ. ನಾನೇ ಹೇಳಿದ್ದು. ಹೇಳಿದ್ಮೇಲೆ ಹೋಗ್ಬೇಕು."

ಅನುಸೂಯಳಿಗೆ ಅನ್ನ ಸೇರದಾಯಿತು. ಕಣ್ಣು ಮುಚ್ಚಿದರೆ ಹಿಮ, ಹಿಮದ ಮೇಲೆ ಬೋಳು ತಲೆಯ ತನ್ನ ಕಂದ. ಕೊನೆಗೆ ತವರಿಗೆ ಹೋಗುತ್ತೇನೆಂದು ಮಗುವಿನ ಬಟ್ಟೆ ಮಡಿಸತೊಡಗಿದಾಗ ಸಪ್ಪಲಮ್ಮ ನಡುವೆ ಬಂದರು.

"ತಿರುಪತಿಗೆ ಹೋಗೋಕಾಗ್ದೋರು ಪಟ ಇಟ್ಕೊಂಡು ಊರಲ್ಲೇ ಮುಡಿ ತೆಗೆಸಲ್ವಾ? ಇದಕ್ಕೂ ಹಂಗೇ ಮಾಡಿ."

"ಪಟ ಸಿಗುತ್ತೆ. ಸುರಂಗ?"

"ರಸ್ತೆ ಕೆಳಗಿನ ಮೋರಿ ಇಲ್ವಾ? ಬೇಸ್ಗೇಲಿ ಒಣಗೇ ಇರುತ್ತೆ."

ಆವಲಪ್ಪ ಒಪ್ಪಿದರೂ ಒಂದು ತಕರಾರು ಉಳಿಸಿಕೊಂಡರು. "ಅಲ್ಲಿ ಮೈ ಕೊರೆಯೋ ಚಳಿ. ಚಳಿ ಇಲ್ದೆ ಅವ್ರು ಒಪ್ಪಲ್ಲ."

ಹಾಗಾಗಿ ದೊಡ್ಡಬಳ್ಳಾಪುರದಿಂದ ಮರದ ಹೊಟ್ಟಿನಲ್ಲಿ ಸುತ್ತಿದ ಐಸ್ ಗಡ್ಡೆ ಬಸ್ಸಿನ ಟಾಪಿನ ಮೇಲೆ ಬಂತು. ಮೋರಿಯ ಬಾಯಿಗೆ ನೆಹರೂ ಅವರ ಕ್ಯಾಲೆಂಡರ್ ತೂಗುಹಾಕಿ ಸಪ್ಪಲಮ್ಮ ಹೂವಿಟ್ಟರು. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಕದಿರಮ್ಮ ಯಾವ ದೇವರೆಂದು ಕೇಳದೆ ಕೈಮುಗಿದು ಹೋದಳು. ಕ್ಷೌರದ ಬೈಲಪ್ಪ ಕುಕ್ಕರಗಾಲಲ್ಲಿ ಒಳಗೆ ತೂರಿದ.

"ಆವಲಪ್ನೋರೇ, ತಲೆ ಎತ್ತಂಗಿಲ್ಲ, ಬೆನ್ನು ನೆಟ್ಟಗೆ ಮಾಡಂಗಿಲ್ಲ. ಮುಡಿ ಮಗೂದಾ ನಂದಾ?"

"ಮಾತು ಕಮ್ಮಿ ಮಾಡಪ್ಪ. ಸುರಂಗ ಇದು, ಹಿಂದೆ ಗಾಡಿಗಳು ನಿಂತಿರ್ತವೆ."

ಅನುಸೂಯ ಕತ್ತಿಯನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ಅದ್ದಿಸಿದಳು. ಗಾಳಿ ತಾಕೀತೆಂದು ಮೋರಿಯ ಆಚೆ ಬಾಯಿಗೆ ಕಂಬಳಿ ಕಟ್ಟಿದಳು. ಐಸ್ ಗಡ್ಡೆ ಮಗುವಿನ ಹತ್ತಿರ ಬೇಡವೇ ಬೇಡವೆಂದು ಹಟ ಹಿಡಿದಾಗ ಆವಲಪ್ಪ ಅದನ್ನು ತಮ್ಮ ಬೆನ್ನಿಗೇ ಆನಿಸಿಕೊಂಡು, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಮಗು ಬೈಲಪ್ಪನ ಮೀಸೆ ಎಳೆಯುತ್ತ ನಕ್ಕಿತು. ಮುಡಿ ಇಳಿಯಿತು.

ಅಂದು ಸಂಜೆ ಅನುಸೂಯ ಮಗುವಿನ ಬೋಳು ತಲೆಯನ್ನು ಹತ್ತು ಸಲ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಜ್ವರವೇ ಇರಬೇಕೆಂದು ಹೆದರಿ ಅತ್ತೆಗೂ ಮುಟ್ಟಿಸಿದಳು. ಜ್ವರವಿರಲಿಲ್ಲ. ಆಗ ಜಗುಲಿಯಿಂದ ಹೆಂಚು ಹಾರುವಂಥ ಸೀನು ಕೇಳಿಸಿತು. ಮೆಣಸಿನ ಕಷಾಯ ಹಿಡಿದು ಹೋದರೆ ಮಾವ ಎರಡು ರಗ್ಗು ಹೊದ್ದು ಗಡಗಡ ನಡುಗುತ್ತಿದ್ದರು.

"ಬಾನಿಹಾಲದಲ್ಲೂ ಇಷ್ಟು ಚಳಿ ಇರ್ಲಿಲ್ಲ ಕಣಮ್ಮ," ಎಂದರು, ಬಹಳ ತೃಪ್ತಿಯಿಂದ.